‘ಟಾಲ್’, ‘ಹೈ’ ಮತ್ತು ಆಲಮಟ್ಟಿಯ ಎತ್ತರ

ನಾಮಪದದ ಗುಣ, ಪ್ರಮಾಣ, ಸ್ಥಿತಿಗಳನ್ನು ತಿಳಿಸುವ ಪದಕ್ಕೆ ವಿಶೇಷಣವೆಂದು ಹೆಸರು. ಇಂಗ್ಲಿಷಿನ ‘ಟಾಲ್’ ಮತ್ತು ‘ಹೈ’ ಎಂಬ ಎರಡು ವಿಶೇಷಣಗಳಿಗೂ ಕನ್ನಡದಲ್ಲಿ ‘ಎತ್ತರದ’ ಎಂಬ ಒಂದೇ ಪದ ಒದಗುವುದರಿಂದ, ಅವೆರಡರ ಅರ್ಥವೂ ಒಂದೇ ಎಂಬ ಭಾವನೆ ಕಲಿಯುವವರಲ್ಲಿ ಬೇರೂರುತ್ತದೆ. ಅಗಲಕ್ಕಿಂತ ನಿಲುವೇ ಹೆಚ್ಚಾಗಿರುವ ಮನುಷ್ಯ, ಮರ, ಕಂಬಗಳಿಗೆ ‘ಟಾಲ್’ ಸಲ್ಲುತ್ತದೆ. ಹರಹಿಕೊಂಡ ಗುಡ್ಡ, ಗೋಡೆಗಳಿಗೂ, ನೆಲದಿಂದ ಮೇಲಿರುವ ಯಾವುದೇ ವಸ್ತುವಿನ ನೆಲೆಗೂ ‘ಹೈ’ ಸಲ್ಲುತ್ತದೆ. ಗೋಲಗುಮ್ಮಟದ ಮೂಲೆಗಳಲ್ಲಿ ನಿಂತ ಏಳಂತಸ್ತಿನ ಮಿನಾರುಗಳು ‘ಟಾಲ್’, ಒಳಗಿನ ಪಿಸುಗುಟ್ಟುವ ಗ್ಯಾಲರಿ ‘ಹೈ’. ಆಡುಮಾತು ಆಳನ್ನು ‘ಉದ್ದ’ ಎನ್ನುತ್ತದೆಯೇ ಹೊರತು ಗುಡ್ಡದ ಎತ್ತರಕ್ಕೆ ಆ ಮಾತನ್ನು ಬಳಸುವುದಿಲ್ಲವಾದ್ದರಿಂದ, ಈ ಭೇದ ಕನ್ನಡಕ್ಕೆ ಹೊಸದೇನಲ್ಲ.

ಭೇದ ಮರೆತಾಗ ಆಗುವ ಗೊಂದಲಕ್ಕೆ ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯೇ ಸಾಕ್ಷಿ. ಕೃಷ್ಣಾ ನದಿಗೆ ಅಲ್ಲಿ ಕಟ್ಟಿರುವ ಅಣೆಕಟ್ಟೆಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕೆಂಬ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಕಟ್ಟೆಯ ನಿಲುವು ಸುಮಾರು 49 ಮೀಟರ್ ಮಾತ್ರ, ಅಂದರೆ ಗೋಲಗುಮ್ಮಟಕ್ಕಿಂತ ತುಸು ಕಡಿಮೆ, 519.60 ಎಂಬುದು ಸಮುದ್ರಮಟ್ಟದಿಂದ ಅಳೆದ, ಜಲಾಶಯ ತುಂಬಿದಾಗಿನ ನೀರಿನ ಮಟ್ಟ. ಸುಪ್ರೀಂ ಕೋರ್ಟು 2000ರಲ್ಲಿ ಮಿತಿ ಹಾಕಿದ್ದೂ, ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಸಡಿಲಿಸಿದ್ದೂ ಈ ಮಟ್ಟವನ್ನೇ. ಐನೂರರ ಲೆಕ್ಕದಲ್ಲಿ 4.656 ಮೀಟರ್ ಏರಿಕೆ ಅಲ್ಪವೆನಿಸಿದರೂ, ಕಟ್ಟೆಯ ನಿಲುವಿನೊಡನೆ ಹೋಲಿಸಿದರೆ ಅದು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ತಪ್ಪು ಕನ್ನಡದ್ದಷ್ಟೇ ಎನ್ನಲಾಗದು. ಒಂದೂವರೆ ಕಿಲೋಮೀಟರಿಗೂ ಮಿಕ್ಕಿ ಚಾಚಿದ ಈ ಕಟ್ಟೆಯನ್ನು ಇಂಗ್ಲಿಷೂ ‘ಹೈ’ ಎಂದೇ ಕರೆಯುವುದರಿಂದ, ಅಲ್ಲಿಯೂ ಒಂದೇ ಪದ ಎರಡು ಅಳತೆಗಳನ್ನು ಹೊರುತ್ತದೆ. ‘ಮಟ್ಟ’ ಎಂಬ ನಾಮಪದವನ್ನು ಬಳಸುವ ಎಂಜಿನಿಯರರ ರೂಢಿಯೇ ಇಲ್ಲಿ ಲೇಸು.

ಕಾಲುವೆಗೆ ಬೇಕಾದದ್ದು ಈ ಮಟ್ಟವೇ. ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ತುಂಬಿದ ನೀರಿನ ಮಟ್ಟ 492.25 ಮೀಟರ್, ಅಲ್ಲಿಂದ ಹೊರಟ ನೀರು ಸಿಂದಗಿ, ಇಂಡಿ ಭಾಗದ ಕಾಲುವೆಗಳಲ್ಲಿ ಇಳಿಜಾರನ್ನೇ ನಂಬಿ ಹರಿಯುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎಷ್ಟೋ ಎರಿ ಹೊಲಗಳು ಕಣ್ಣಿಗೆ ಸಪಾಟಾಗಿದ್ದು, ಯಾವ ಅರ್ಥದಲ್ಲಿಯೂ ‘ಟಾಲ್’ ಅಲ್ಲದಿದ್ದರೂ, ನದಿಯ ಮಟ್ಟಕ್ಕಿಂತ ‘ಹೈ’ ಆಗಿರುವ ಕಾರಣ, ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಪಂಪುಗಳಿಲ್ಲದೆ ಅಲ್ಲಿಗೆ ನೀರು ಏರುವುದಿಲ್ಲ.