ಒಬ್ಬ ತಂದೆಯ ಪ್ರಶ್ನೆ: ಸ್ವಲೀನತೆ ಮತ್ತು ನಮ್ಮ ಹೊಣೆ



ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡುವುದಿಲ್ಲ. ಬಂದಿದ್ದ ನಾಲ್ಕು ಮಾತುಗಳೂ ನಿಂತುಹೋಗಿವೆ. ಕಿವಿಯಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳುತ್ತಾರೆ. ಹಾಗಾದರೆ ಮಗುವಿಗೆ ಏನಾಗಿದೆ? ಈ ಪ್ರಶ್ನೆಯನ್ನು ಎದುರಿಸಿದ ತಂದೆಯೊಬ್ಬರ ಕಾರ್ಯವನ್ನು ತಮ್ಮ ಮುಂದಿಡಬಯಸುತ್ತೇನೆ.

ಅಮೆರಿಕದ ಚಲನಚಿತ್ರ ನಿರ್ಮಾಪಕ ಜಾನ್ ಶೆಸ್ಟಾಕ್ ಅವರ ಹೆಸರು 1997ರ 'ಏರ್ ಫೋರ್ಸ್ ಒನ್' ಚಿತ್ರದ ನಿರ್ಮಾಪಕರ ಸಾಲಿನಲ್ಲಿದೆ. ಅವರ ಎಳೆಯ ಮಗನಿಗೆ ಸ್ವಲೀನತೆ, ಅಂದರೆ ಆಟಿಸಂ, ಇದೆಯೆಂದು ತಿಳಿದಾಗ ಆ ಬಗ್ಗೆ ಸಂಶೋಧನೆ ಅತ್ಯಲ್ಪವಾಗಿತ್ತು. 1995ರಲ್ಲಿ ಅವರೂ ಪತ್ನಿ ಪೋರ್ಷಿಯಾ ಐವರ್ಸನ್ ಅವರೂ ಲಾಸ್ ಏಂಜಲಿಸ್‌ನಲ್ಲಿ 'ಕ್ಯೂರ್ ಆಟಿಸಂ ನೌ' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಒಂದಕ್ಕಿಂತ ಹೆಚ್ಚು ಮಕ್ಕಳಲ್ಲಿ ಸ್ವಲೀನತೆಯಿರುವ ಕುಟುಂಬಗಳಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಸಂಶೋಧಕರಿಗೆಲ್ಲ ದೊರೆಯುವಂತೆ ಮಾಡಿದ್ದು ಈ ಸಂಸ್ಥೆಯ ಮುಖ್ಯ ಸಾಧನೆ. ಶೆಸ್ಟಾಕ್ ಶಾಸನಕರ್ತರ ಬಳಿಗೂ ಹೋದರು. ಸ್ವಲೀನತೆಯ ಸಂಶೋಧನೆಗೆ ಸರ್ಕಾರದ ಹಣ ಒದಗಿಸುವ ಕಾಯಿದೆ 2006ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದುದರ ಹಿಂದೆ ಇಂತಹ ಪೋಷಕರ ಒತ್ತಾಯವಿತ್ತು. 2007ರಲ್ಲಿ ಅವರ ಸಂಸ್ಥೆ 'ಆಟಿಸಂ ಸ್ಪೀಕ್ಸ್' ಸಂಸ್ಥೆಯಲ್ಲಿ ವಿಲೀನವಾಯಿತು.

ಈ ಕಥೆಯ ಒಂದು ಎಳೆ ನಮ್ಮ ನಾಡಿಗೂ ಬರುತ್ತದೆ. ಬೆಂಗಳೂರಿನಲ್ಲಿದ್ದ ಸೋಮಾ ಮುಖೋಪಾಧ್ಯಾಯ, ಮಾತು ಬಾರದ ತಮ್ಮ ಮಗ ತಿತೋನಿಗೆ ಅಕ್ಷರಗಳನ್ನು ತೋರಿಸಿ ಬರೆಯಲು ಕಲಿಸಿದ್ದರು. ಆ ಬಾಲಕನ ಬರಹಗಳು 2000ದಲ್ಲಿ ಬ್ರಿಟನ್ನಿನಲ್ಲಿ ಪುಸ್ತಕರೂಪದಲ್ಲಿ ಬಂದವು. 2001ರಲ್ಲಿ ಶೆಸ್ಟಾಕ್ ದಂಪತಿಗಳ ಸಂಸ್ಥೆಯು ತಾಯಿ ಮಗನನ್ನು ಅಮೆರಿಕಕ್ಕೆ ಕರೆಸಿಕೊಂಡಿತು. ಆದರೆ ಸೋಮಾ ಅವರ ವಿಧಾನವು ವೈಜ್ಞಾನಿಕವಾಗಿ ಸಿದ್ಧಪಟ್ಟಿಲ್ಲವೆಂದು ಅಮೆರಿಕದ ವಾಕ್‌ಶ್ರವಣ ತಜ್ಞರ ಸಂಘವು 2018ರಲ್ಲಿ ಎಚ್ಚರಿಸಿದೆ. ಹೆತ್ತವರ ಆಸೆ ದೊಡ್ಡದು. ಆದರೂ ಆಸೆಯೇ ಪುರಾವೆಯಲ್ಲ.

ಇನ್ನೊಂದು ಮಾತೂ ಸ್ಮರಣೀಯ. ಆ ಸಂಸ್ಥೆಯ ಹೆಸರಿನಲ್ಲಿಯೇ 'ಗುಣಪಡಿಸಿ' ಎಂಬ ಪದವಿತ್ತು. ಸ್ವಲೀನತೆಯುಳ್ಳ ವಯಸ್ಕರು ಬೆಳೆದು ಮಾತನಾಡತೊಡಗಿದಾಗ, ತಾವು ರೋಗಿಗಳಲ್ಲ, ಭಿನ್ನ ರೀತಿಯ ಮನಸ್ಸುಳ್ಳ ವ್ಯಕ್ತಿಗಳೆಂದು ಆಕ್ಷೇಪಿಸಿದರು. 'ಆಟಿಸಂ ಸ್ಪೀಕ್ಸ್' ಕೂಡ 2016ರಲ್ಲಿ ತನ್ನ ಧ್ಯೇಯವಾಕ್ಯದಿಂದ ಆ ಪದವನ್ನು ಕೈಬಿಟ್ಟಿತು. ಹೆತ್ತವರು ಪ್ರಶ್ನೆಯನ್ನು ಎತ್ತಬೇಕು. ಉತ್ತರದಲ್ಲಿ ಮಗುವಿನ ದನಿಯೂ ಸೇರಬೇಕು.

ನಮ್ಮ ದೇಶದಲ್ಲಿಯೂ ಹಾದಿ ತೆರೆದವರು ಪೋಷಕರೇ. 1991ರಲ್ಲಿ ದೆಹಲಿಯಲ್ಲಿ ಮೆರಿ ಬರುವಾ ಎಂಬ ತಾಯಿ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಆರಂಭಿಸಿದರು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆ ಸೇರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಗುರುತಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಗಳವರೆಗೆ ಆರೋಗ್ಯ ವಿಮೆಯುಂಟು. ತಾವಿಲ್ಲದ ಕಾಲದಲ್ಲಿ ಮಗುವಿಗೆ ಯಾರು ಗತಿ ಎಂಬ ಚಿಂತೆ ಕಾಡುವ ಪೋಷಕರಿಗೆ, 18 ದಾಟಿದ ಮಕ್ಕಳಿಗಾಗಿ ಕಾನೂನುಬದ್ಧ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿಗಳ ವ್ಯವಸ್ಥೆಯೂ ಇದೆ.

ಹುಟ್ಟೂರಿನಿಂದ ದೂರವಿರುವ ನಮ್ಮಂತಹ ಕುಟುಂಬಗಳಿಗೆ ಮತ್ತೊಂದು ಸಂದೇಹ ಕಾಡುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್; ಇದರಿಂದಲೇ ಮಾತು ತಡವಾಯಿತೆಂದು ಭಾವಿಸಿ ಕೆಲವರು ಕಾಯುತ್ತಾರೆ, ಕೆಲವರು ಕನ್ನಡವನ್ನೇ ಬಿಡುತ್ತಾರೆ. ಎರಡೂ ಸರಿಯಲ್ಲ. ಎರಡು ಭಾಷೆಗಳ ಪರಿಸರವು ಸ್ವಲೀನತೆಗೆ ಕಾರಣವಲ್ಲ. ಅದರಿಂದ ಇಂತಹ ಮಕ್ಕಳಿಗೆ ಹಾನಿಯಾಗುವುದೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿಯ ಮಾತು ಮಗುವಿಗೆ ಬೇಕು. ತಾಯಿಯ ಮಮತೆ ಸಾಲದೆ ಹೀಗಾಯಿತೆಂಬ ಹಳೆಯ ವಾದವೂ ಸುಳ್ಳು. ಲಸಿಕೆಯನ್ನು ದೂಷಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಒಂದು ವರ್ಷ ತುಂಬಿದರೂ ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳಿಟ್ಟು ತೋರಿಸದಿದ್ದರೆ, ಬಂದ ಮಾತು ನಿಂತರೆ, "ತಾನಾಗಿ ಸರಿಹೋಗುತ್ತದೆ" ಎಂದು ಕಾಯದೆ ಮಕ್ಕಳ ವೈದ್ಯರನ್ನು ಕಾಣಿರಿ. ತರಬೇತಿ ಎಷ್ಟು ಬೇಗ ಆರಂಭವಾದರೆ ಅಷ್ಟು ಅನುಕೂಲ.

ಶೆಸ್ಟಾಕ್ ಅವರಿಗಿದ್ದ ಹಣವಾಗಲಿ, ಪ್ರಭಾವವಾಗಲಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ಆದರೆ ತಮ್ಮ ಮಗುವನ್ನು ಮರೆಮಾಡದೆ ನಾಲ್ಕು ಜನರ ಮುಂದೆ ಮಾತನಾಡಿದ ಅವರ ಮೊದಲ ಹೆಜ್ಜೆಗೆ ಹಣ ಬೇಕಾಗಿರಲಿಲ್ಲ. ನೆರೆಮನೆಯ ಮಗು ಹಬ್ಬದ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಅಳುವಾಗ ಆ ತಾಯಿಯನ್ನು ಆಕ್ಷೇಪಿಸದೆ, ಒಳಗೆ ಕರೆದು ಕುಳ್ಳಿರಿಸುವುದು ನಮ್ಮೆಲ್ಲರಿಗೂ ಸಾಧ್ಯವಾದ ಕೆಲಸ. ಅದನ್ನು ತಾವೆಲ್ಲರೂ ಮಾಡುವಿರೆಂಬ ವಿಶ್ವಾಸದೊಡನೆ ನನ್ನ ಮಾತುಗಳನ್ನು ಮುಗಿಸುತ್ತೇನೆ.