ಹಳೆಯ ಕಾರಿನ ಮೆತ್ತನೆಯ ಬ್ರೇಕ್ ಪೆಡಲ್: ದೋಷವನ್ನು ಪತ್ತೆಹಚ್ಚುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ ಉಪನ್ಯಾಸದ ಪಠ್ಯ)



ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್ ದೂರ. ಹಳೆಯ ಪಿ.ಬಿ. ರಸ್ತೆಯಲ್ಲಿ ಹೋದರೂ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋದರೂ ದೊಡ್ಡ ಇಳಿಜಾರುಗಳಿಲ್ಲ. ಆದುದರಿಂದಲೇ ಈ ದಾರಿಯಲ್ಲಿ ನಿತ್ಯ ಓಡಾಡುವ ಹಳೆಯ ಕಾರಿನ ಬ್ರೇಕ್ ದೋಷವು ಬಹುಕಾಲ ಬಯಲಾಗುವುದಿಲ್ಲ. ಪೆಡಲ್ ಮೊದಲಿಗಿಂತ ಒಂದು ಅಂಗುಲ ಹೆಚ್ಚು ಕೆಳಗಿಳಿಯುತ್ತದೆ. ಚಾಲಕನ ಕಾಲು ಅದಕ್ಕೆ ಒಗ್ಗಿಕೊಳ್ಳುತ್ತದೆ. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹರವಿದ ಮೆಕ್ಕೆಜೋಳದ ಬದಿಯಿಂದ ಮಗುವೊಂದು ಅಡ್ಡ ಬಂದಾಗ ಆ ಒಂದು ಅಂಗುಲದ ಬೆಲೆ ತಿಳಿಯುತ್ತದೆ.

15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯು 2023ರ ಏಪ್ರಿಲ್ 1ರಿಂದ ಮುಂದುವರಿಯುವುದಿಲ್ಲ. ಖಾಸಗಿ ಕಾರುಗಳಿಗೆ ತಪಾಸಣೆಯ ನಂತರ 5 ವರ್ಷಗಳ ನವೀಕರಣ ದೊರೆಯುತ್ತದೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿದ್ದರೂ ಗ್ರಾಮಗಳಲ್ಲಿ ಅವು ಇಂದಿಗೂ ಓಡುತ್ತಿರುವುದು ಹೀಗೆ. ಆದರೆ ತಪಾಸಣೆಯು ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಕೊಳವೆಯೊಳಗಿನ ಬ್ರೇಕ್ ದ್ರವ. ದ್ರವವು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲ್ ಮೆತ್ತಗಾಯಿತೆಂದರೆ ಎಲ್ಲಿಯೋ ಗಾಳಿ ಸೇರಿದೆ, ದ್ರವ ಸೋರುತ್ತಿದೆ, ಹಳೆಯ ರಬ್ಬರ್ ಕೊಳವೆ ಉಬ್ಬುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ ಎಂದರ್ಥ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಅದು ಬೇರೆಯೇ ವಿಷಯ: ನಾಲೆಯ ನೀರಿನಲ್ಲಿ ಇಳಿದು ಬಂದ ಡ್ರಮ್ ಒದ್ದೆಯಾಗಿರಬಹುದು, ಇಲ್ಲವೇ ಸರ್ವೋ ಕೆಟ್ಟಿರಬಹುದು. ಇವೆರಡನ್ನೂ ಒಂದೇ ಎಂದು ಬಗೆದು ಬಿಡಿಭಾಗ ಕೊಳ್ಳುವುದು ಹಣದ ಅಪವ್ಯಯ.

ಪರೀಕ್ಷೆಗೆ ಉಪಕರಣ ಬೇಕಿಲ್ಲ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಪೆಡಲನ್ನು ನಾಲ್ಕಾರು ಬಾರಿ ಒತ್ತಿ ಸರ್ವೋವಿನ ಶಕ್ತಿಯನ್ನು ಕಳೆಯಬೇಕು. ಅನಂತರ ಒಮ್ಮೆ ಒತ್ತಿ ಅರ್ಧ ನಿಮಿಷ ಒಂದೇ ಸಮನೆ ಹಿಡಿಯಬೇಕು. ಪೆಡಲ್ ನಿಧಾನವಾಗಿ ಕೆಳಗೆ ಜಾರಿದರೆ ದ್ರವ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೇ ಹಿಂದಕ್ಕೆ ನುಸುಳುತ್ತಿದೆ. ಡಬ್ಬಿಯಲ್ಲಿ ಮಟ್ಟ ಇಳಿಯದೆ, ಚಕ್ರಗಳ ಒಳಬದಿಯೂ ನೆಲವೂ ಒಣಗಿದ್ದರೆ ಎರಡನೆಯದೇ ಕಾರಣವಿರುವ ಸಂಭವ ಹೆಚ್ಚು. ಪೆಡಲ್ ಜಾರದೆ ಸ್ಪಂಜಿನಂತೆ ಪುಟಿದರೆ, ಬೇಗಬೇಗನೆ ಒತ್ತಿದಾಗ ಮೇಲೇರಿ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಮೆತ್ತಗಾದರೆ ಗಾಳಿಯ ಅನುಮಾನ. ಮೊದಲ ಒತ್ತಿಗೆ ತೀರ ಕೆಳಗಿಳಿದು ಎರಡನೆಯ ಒತ್ತಿಗೆ ಎತ್ತರದಲ್ಲೇ ಗಟ್ಟಿಯಾಗಿ ನಿಂತರೆ ಹಿಂಚಕ್ರದ ಶೂಗಳು ಡ್ರಮ್ಮಿನಿಂದ ದೂರ ಸರಿದಿವೆ, ಹೊಂದಾಣಿಕೆಯಿಂದಲೇ ಸರಿಹೋಗಬಹುದು. ಈ ಕೊನೆಯ ದೋಷಕ್ಕೂ ಮಾಸ್ಟರ್ ಸಿಲಿಂಡರ್ ಬದಲಿಸಿಕೊಂಡು ಬರುವವರಿದ್ದಾರೆ.

ಗಾಳಿ ತೆಗೆಯುವ ಕೆಲಸದಲ್ಲಿ ಹಳೆಯ ಕಾರಿಗೆ ವಿಶೇಷ ಎಚ್ಚರ ಬೇಕು. ಪೆಡಲನ್ನು ನೆಲಕ್ಕೆ ಮುಟ್ಟುವಂತೆ ತುಳಿದರೆ, ವರ್ಷಗಳಿಂದ ರಬ್ಬರ್ ಸಾಗದಿದ್ದ ತುಕ್ಕಿನ ಭಾಗದ ಮೇಲೆ ಅದು ಉಜ್ಜಿ ಹರಿಯುತ್ತದೆ. ಗಾಳಿ ತೆಗೆಸಿದ ಮರುದಿನವೇ ಪೆಡಲ್ ಜಾರತೊಡಗಿದ್ದಕ್ಕೆ ಮೆಕ್ಯಾನಿಕ್‌ನನ್ನು ದೂರುವ ಮುನ್ನ ಇದನ್ನು ನೆನೆಯಬೇಕು. ಪೆಡಲ್ ಅಡಿಯಲ್ಲಿ ಮರದ ತುಂಡೊಂದನ್ನಿಟ್ಟು ಅದರ ಸಂಚಾರವನ್ನು ಮಿತಿಗೊಳಿಸಿದರೆ ಸಾಕು.

‘ಬ್ರೇಕ್ ಆಯಿಲ್’ ಎಂಬ ರೂಢಿಯ ಹೆಸರು ದಾರಿ ತಪ್ಪಿಸುವಂಥದು. ಅದು ಎಣ್ಣೆಯಲ್ಲ. ಎಂಜಿನ್ ಎಣ್ಣೆಯನ್ನು ಸ್ವಲ್ಪ ಬೆರೆಸಿದರೂ ರಬ್ಬರ್ ಭಾಗಗಳು ಊದಿ ಹಾಳಾಗುತ್ತವೆ. ಈ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದ್ರವದ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಬಳಿಕ ಅದರ ಅಳತೆ 140 ಡಿಗ್ರಿ. ಹರಿಹರದವರೆಗೆ ಸರಿಯಾಗಿದ್ದ ಪೆಡಲ್ ಆಗುಂಬೆ ಘಟ್ಟದ ತಿರುವುಗಳಲ್ಲಿ ಏಕಾಏಕಿ ನೆಲ ಕಚ್ಚುವುದು ಇದರಿಂದಲೇ: ಕಾದ ದ್ರವ ಕುದಿದು ಆವಿಯಾಗುತ್ತದೆ. ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುವುದರಿಂದ ಮೆಕ್ಯಾನಿಕ್‌ನ ಮುಂದೆ ದೋಷವೇ ಕಾಣುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಿಸುವುದು ರೂಢಿಯಲ್ಲಿರುವ ಕ್ರಮ. ಮೇಲಿಂದ ತುಂಬಿಸುತ್ತ ಹೋಗುವುದು ಪರಿಹಾರವಲ್ಲ. ಮಟ್ಟ ಇಳಿಯುವುದಕ್ಕೆ ಸೋರಿಕೆ ಅಥವಾ ಪ್ಯಾಡಿನ ಸವೆತ ಕಾರಣವಿರುತ್ತದೆ.

ಡ್ರಮ್ ಸವೆದು ಅಂಡಾಕಾರವಾಗಿದ್ದರೆ ಲೇಥ್ ಮೇಲೆ ತಿರುಗಿಸಿ ಸರಿಪಡಿಸಬಹುದು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳಿಂದ ಹೆಸರಾದ ಹರಿಹರಕ್ಕೆ ಈ ಕಸುಬು ಹೊಸದಲ್ಲ. ಆದರೆ ಡ್ರಮ್ಮಿನ ಮೇಲೆ ಅಚ್ಚಾಗಿರುವ ಗರಿಷ್ಠ ವ್ಯಾಸವನ್ನು ಮೀರಿ ಕೊರೆಸುವುದು ಸಲ್ಲದು.

ಪಂಚಾಯಿತಿಯ ಸ್ವಚ್ಛ ವಾಹಿನಿಗೂ ಈ ಮಾತುಗಳು ಅನ್ವಯಿಸುತ್ತವೆ. ಪೆಡಲ್ ಮೆತ್ತಗಾಗಿದೆಯೆಂದು ಚಾಲಕಿ ಹೇಳಿದ ದಿನವೇ ವಾಹನ ನಿಲ್ಲಬೇಕು. ‘ಇದೊಂದು ಸುತ್ತು ಮುಗಿಸಿ ಬಾ’ ಎಂದು ಯಾರೂ ಹೇಳಬಾರದು. ದೂರನ್ನು ಲಾಗ್ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆಸುವುದು ಅವಳ ರಕ್ಷಣೆಗೂ ಅಗತ್ಯ.

ಓಡುತ್ತಿರುವಾಗಲೇ ಪೆಡಲ್ ಕೆಳಗೆ ಹೋದರೆ ಬೇಗಬೇಗನೆ ಹಲವು ಬಾರಿ ಒತ್ತಬೇಕು, ಗೇರನ್ನು ಒಂದೊಂದಾಗಿ ಇಳಿಸಬೇಕು, ಕೈಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ಮೆಲ್ಲನೆ ಎಳೆಯಬೇಕು. ಕಾರು ನಿಲ್ಲುವವರೆಗೆ ಎಂಜಿನ್ ಆರಿಸಬಾರದು. ನಿಂತ ಕಾರು ಅಲ್ಲಿಂದ ಗ್ಯಾರೇಜಿಗೆ ಮತ್ತೊಂದು ವಾಹನದ ಮೇಲೇರಿ ಹೋಗಬೇಕೇ ಹೊರತು ತಾನೇ ಓಡಿಕೊಂಡಲ್ಲ.