ಸೊಸೈಟಿಯೋ, ಬ್ಯಾಂಕೋ?
(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ 'ಸಹಕಾರ ಸಂಘ ಮತ್ತು ಬ್ಯಾಂಕು'. ನಮ್ಮ ಕಡೆ ಇದನ್ನು ಇಷ್ಟು ಉದ್ದ ಕೇಳುವುದಿಲ್ಲ. "ತೊಗರಿ ಮಾರಿದ ರೊಕ್ಕ ಬಂದದ್ರಿ, ಎಲ್ಲಿ ಇಡ್ಬೇಕು? ಬಿತ್ತಿಗೆಗೆ ಸಾಲ ಬೇಕು, ಎಲ್ಲಿ ತಗೋಬೇಕು?" ಎಂದು ಕೇಳುತ್ತಾರೆ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಎರಡಕ್ಕೂ ಒಂದೇ ಉತ್ತರ ಇರಬೇಕಾಗಿಲ್ಲ.

ಸಹಕಾರದ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷ, 1905ರಲ್ಲೇ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಬ್ಯಾಂಕಿನ ಕಥೆ ನೋಡಿದರೆ, ನಿಜಾಮ ಸರಕಾರ 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ತೆಗೆಯಿತು. 1969ರಲ್ಲಿ ದೊಡ್ಡ ಬ್ಯಾಂಕುಗಳು ಸರಕಾರದವಾದವು. 1978ರಲ್ಲಿ ಗುಲಬರ್ಗಾದಲ್ಲೇ ಕೃಷ್ಣಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಆ ಮೇಲೆ ಹೆಸರುಗಳು ಬದಲಾದವು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಕೃಷ್ಣಾ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ಬೋರ್ಡು ಬದಲಾದರೂ ಪಾಸ್‌ಬುಕ್ಕಿನ ರೊಕ್ಕ ಎಲ್ಲಿಗೂ ಹೋಗಲಿಲ್ಲ, ಅದನ್ನು ನೆನಪಿಡಿ.

ಬ್ಯಾಂಕಿನಲ್ಲಿ ನೀವು ಗಿರಾಕಿ, ಸಂಘದಲ್ಲಿ ಮಾಲೀಕ. ಇಪ್ಪತ್ತು ಎಕರೆಯವನಿಗೂ ಒಂದೇ ಓಟು, ಎರಡು ಎಕರೆಯವನಿಗೂ ಒಂದೇ ಓಟು. ಶೇರು ಎಷ್ಟಿದ್ದರೂ ಅಷ್ಟೇ. ಮ್ಯಾನೇಜರ ಸಾಹೇಬರು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ನಮ್ಮ ಕಾರ್ಯದರ್ಶಿಗೆ ನಿಮ್ಮ ಹೊಲ, ಬಾಂದು, ಮನೆತನ ಎಲ್ಲ ಗೊತ್ತು. ಇದು ಲಾಭವೂ ಹೌದು. ಗೊತ್ತಿದ್ದವರಿಗೇ ಸಾಲ ಹೋಗುವ ಊರಲ್ಲಿ ಇದೇ ಕಂಟಕವೂ ಹೌದು.

ಮೊದಲು ಸಾಲದ ಲೆಕ್ಕ ಮಾಡೋಣ. ಒಂದು ಲಕ್ಷ ಬೆಳೆಸಾಲ ಎಂದು ಹಿಡಿಯಿರಿ. ಸಹಕಾರ ಸಂಘದಲ್ಲಿ ಅಲ್ಪಾವಧಿ ಬೆಳೆಸಾಲಕ್ಕೆ ರಾಜ್ಯ ಸರಕಾರ ಶೂನ್ಯ ಬಡ್ಡಿ ಕೊಟ್ಟಿದೆ. ಅದರ ಮಿತಿಯನ್ನು 2023ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಬ್ಯಾಂಕಿನ ಕಿಸಾನ್ ಕಾರ್ಡಿನಲ್ಲಿ ಬಡ್ಡಿ ಶೇಕಡಾ 7, ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ 4. ಅಂದರೆ ವರ್ಷಕ್ಕೆ ನಾಲ್ಕು ಸಾವಿರ. ಸಾಹುಕಾರನ ಹತ್ತಿರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೂ ವರ್ಷಕ್ಕೆ ಮೂವತ್ತಾರು ಸಾವಿರ! ಇಲ್ಲಿ ಸಂಘಕ್ಕೆ ಸಾಟಿ ಯಾರೂ ಇಲ್ಲ. ಆದರೆ ಎರಡು ಮಾತು. ಐದು ಲಕ್ಷ ಅಂದರೆ ಎಲ್ಲರ ಕೈಗೂ ಐದು ಲಕ್ಷ ಅಲ್ಲ. ಹೊಲ, ಬೆಳೆ, ಸಂಘದ ಬೊಕ್ಕಸ ನೋಡಿ ಕೊಡುತ್ತಾರೆ. ವಾಯಿದೆ ತಪ್ಪಿತೆಂದರೆ ಸೊನ್ನೆ ಬಡ್ಡಿಯೂ ತಪ್ಪಿತು. ತೊಗರಿ ರಾಶಿ ಆದ ಮೇಲೆ ಧಾರಣಿ ಏರಲಿ ಎಂದು ಕಾಯುವವರು ವಾಯಿದೆಯ ತಾರೀಖನ್ನೂ ನೋಡಿಕೊಳ್ಳಬೇಕು.

ಈಗ ಠೇವಣಿ. ಸಂಘದ ಹಬ್ಬದಾಗ ಬಂದು ಹಿಂಗ ಮಾತಾಡ್ತಾನಲ್ಲ ಅಂತ ಅಧ್ಯಕ್ಷರು ಬೇಸರ ಮಾಡ್ಕೋಬಾರದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ. 1993ರಿಂದ ಅದು ಒಂದು ಲಕ್ಷ ಇತ್ತು, 2020ರ ಫೆಬ್ರುವರಿಯಿಂದ ಐದು ಲಕ್ಷ. ಸರಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು, ಎಲ್ಲಕ್ಕೂ ಇದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ಇಲ್ಲ. ಸೌಹಾರ್ದ ಪತ್ತಿನ ಸಂಘಕ್ಕೂ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಕೊಡುತ್ತೇವೆ ಎನ್ನುವವರು ಇದನ್ನು ತಾವಾಗಿ ಹೇಳುವುದು ಕಡಿಮೆ. ರಿಸರ್ವ್ ಬ್ಯಾಂಕಿನ ಕಣ್ಣಳತೆಯಲ್ಲಿದ್ದ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲೇ 2020ರ ಜನವರಿಯಲ್ಲಿ ಖಾತೆಯಿಂದ 35 ಸಾವಿರಕ್ಕಿಂತ ಹೆಚ್ಚು ತೆಗೆಯದಂತೆ ನಿರ್ಬಂಧ ಬಂತು. ಅದಕ್ಕಾದರೂ ವಿಮೆಯ ಆಸರೆ ಇತ್ತು. ವಿಮೆಯೇ ಇಲ್ಲದ ಕಡೆ ಮಗಳ ಲಗ್ನಕ್ಕೆ ಕೂಡಿಟ್ಟ ರೊಕ್ಕ ಸಿಕ್ಕಿಬಿದ್ದರೆ ಯಾರ ಬಾಗಿಲು ಬಡಿಯುವುದು?

ಹಂಗಂತ ಸಂಘದಾಗ ಒಂದು ರೂಪಾಯಿನೂ ಇಡಬ್ಯಾಡ್ರಿ ಅಂತ ನಾನು ಹೇಳಾಂಗಿಲ್ಲ. ನಿಮ್ಮ ಠೇವಣಿ ಇಲ್ಲದ ಸಂಘ ಪ್ರತಿ ಮುಂಗಾರಿಗೂ ಜಿಲ್ಲಾ ಬ್ಯಾಂಕಿನ ಮುಖ ನೋಡುತ್ತ ಕೂಡಬೇಕಾಗುತ್ತದೆ. ಬೆಳೆಸಾಲ ಸಂಘದಲ್ಲಿ ತೆಗೆಯಿರಿ. ಗೊಬ್ಬರ, ಬೀಜದ ಖರ್ಚಿಗೆ ಬೇಕಾದಷ್ಟು ಸಂಘದಲ್ಲಿಡಿ. ಲಗ್ನ, ದವಾಖಾನೆ, ಮಕ್ಕಳ ಕಾಲೇಜಿನ ರೊಕ್ಕ ಬ್ಯಾಂಕಿನಲ್ಲಿರಲಿ, ಅದೂ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ ಐದು ಲಕ್ಷ ಮೀರದಂತೆ. ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿಟ್ಟರೆ ಎರಡು ವಿಮೆ ಆಗುವುದಿಲ್ಲ.

ಇನ್ನೂ ಹೆಚ್ಚು ಸಂಘದಲ್ಲಿ ಇಡುವ ಮನಸ್ಸಿದ್ದವರು ವಾರ್ಷಿಕ ಮಹಾಸಭೆಗೆ ಬನ್ನಿ. ಚಹಾ-ಚೂಡಾ ತಿಂದು, ಸಹಿ ಮಾಡಿ ಎದ್ದು ಹೋಗಬೇಡಿ. ಲೆಕ್ಕ ಪರಿಶೋಧನೆಯಲ್ಲಿ ಯಾವ ವರ್ಗ ಬಂದಿದೆ, ಕೊಟ್ಟ ಸಾಲದಲ್ಲಿ ಸುಸ್ತಿ ಎಷ್ಟು, ನಿರ್ದೇಶಕರ ಮತ್ತು ಅವರ ಮನೆಯವರ ಹೆಸರಿನಲ್ಲಿ ಬಾಕಿ ಎಷ್ಟು, ಈ ಮೂರನ್ನು ಎದ್ದು ನಿಂತು ಕೇಳಿ. ಶೇರು ನಿಮ್ಮದು, ಕೇಳುವ ಹಕ್ಕು ನಿಮ್ಮದು. ತಾಯಂದಿರ ಹೆಸರಿನಲ್ಲೂ ಶೇರು ಇದ್ದರೆ ಅವರೂ ಕೇಳಬಹುದು. ಅವರು ಕೇಳಿದ ಪ್ರಶ್ನೆಗೆ ಕಾರ್ಯದರ್ಶಿಗಳು ಲಗೂನೆ ಉತ್ತರ ಕೊಡುವುದನ್ನು ನಾನು ಕಂಡಿದ್ದೇನೆ!

ಅಡಾವೆ ಪತ್ರಿಕೆ ಓದುವುದು ಹೇಗೆ ಎಂದು ಮಧ್ಯಾಹ್ನ ಊಟವಾದ ಮೇಲೆ ಇದೇ ಸಂಘದ ಲೆಕ್ಕ ಇಟ್ಟುಕೊಂಡು ತೋರಿಸುತ್ತೇನೆ. ನಿಮ್ಮ ನಿಮ್ಮ ಪಾಸ್‌ಬುಕ್ಕುಗಳನ್ನೂ ತನ್ನಿರಿ.